ಬಾಟಲಿಯ ಮೇಲೆ ಕಾಳುಮೆಣಸಿನ ಚಿತ್ರ, ಮರದಡಿ ಕೊಳೆಯುವ ಗೇರುಹಣ್ಣು

ಗೇರುಹಣ್ಣು ಕೊಳೆತ ವಾಸನೆ ಗೊತ್ತಿಲ್ಲದವರು ನಮ್ಮ ಕಡೆ ಇರ್ಲಿಕ್ಕಿಲ್ಲ. ಮಾರ್ಚಿನಿಂದ ಮೇ ತನಕ ಬೆಳಿಗ್ಗೆ ಬೀಜ ಹೆಕ್ಕಲಿಕ್ಕೆ ಗುಡ್ಡೆಗೆ ಹೋದರೆ ಆ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಬೀಜ ತಿರುಚಿ ಬುಟ್ಟಿಗೆ ಹಾಕುವುದು, ಹಣ್ಣು ಅಲ್ಲೇ ಎಸೆಯುವುದು. ಒಂದಿಷ್ಟು ದನ ತಿನ್ನುತ್ತದೆ, ಉಳಿದದ್ದು ನೊಣಕ್ಕೆ. ನನ್ನ ಅಪ್ಪ ಹೀಗೇ ಮಾಡಿದರು, ನಾನೂ ಹೀಗೇ ಮಾಡುತ್ತಿದ್ದೇನೆ.

ಈ ಸಲ ಮೇ ಮೊದಲ ವಾರ, ಆ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದೆ. ತಂಗಿಯ ಮಗ ಬಂದ. ಅವನು ಹಡಗಿನಲ್ಲಿ ಕೆಲಸ ಮಾಡುವವನು, ಪ್ರವಾಸಿ ಹಡಗಿನ ಬಾರಿನಲ್ಲಿ. ಎಂಟು ತಿಂಗಳು ನೀರಿನ ಮೇಲೆ, ಮತ್ತೆ ಒಂದೂವರೆ ಎರಡು ತಿಂಗಳು ಊರಲ್ಲಿ. ಚೀಲದಿಂದ ಮೂರು ಬಾಟಲಿ ತೆಗೆದು ಇಟ್ಟ. ಎರಡು ವಿಮಾನ ನಿಲ್ದಾಣದಲ್ಲಿ ತಗೊಂಡದ್ದು, ಒಂದು ಮಂಗಳೂರಲ್ಲಿ. "ಮಾಮ, ಇವತ್ತು ನಿಮಗೆ ಒಂದು ವಿಷಯ ತೋರಿಸ್ಬೇಕು" ಅಂದ.

ನಾನು ಕುಡಿಯುವವನಲ್ಲ. ಕಾರಣ ಮುಂದೆ ಬರ್ತದೆ. ಆದರೆ ನೋಡುವುದಕ್ಕೆ ಎಂತ ತೊಂದರೆ ಅಂತ ಕೂತೆ.

ಮೊದಲನೆಯದು ಜಿನ್, ಗೋವಾದಲ್ಲಿ ತಯಾರಾದದ್ದು. ಎರಡನೆಯದು ವರ್ಮೂತ್, ಅಂದರೆ ಗಿಡಮೂಲಿಕೆ ನೆನೆಸಿದ ವೈನ್. ನಾವು ಚೌತಿಗೆ ಗಣಪತಿಗೆ ಏರಿಸುವ ಮಾಚಿಪತ್ರೆ ಉಂಟಲ್ಲ, ಅದೇ ಜಾತಿಯ ಇನ್ನೊಂದು ಕಹಿ ಗಿಡದಿಂದ ಅದಕ್ಕೆ ಆ ಹೆಸರು ಬಂದದ್ದಂತೆ. ಮೂರನೆಯದು ಹಸಿರು ಬಣ್ಣದ್ದು, ಶಾರ್ತ್ರೂಸ್ ಅಂತ. ಫ್ರಾನ್ಸಿನ ಕ್ರೈಸ್ತ ಸನ್ಯಾಸಿಗಳು 130 ಬಗೆಯ ಗಿಡ, ಬೇರು, ಹೂವು ಹಾಕಿ ಮಾಡುವ ಸಿಹಿ ಮದ್ಯ. ಶೇಕಡಾ 55 ಆಲ್ಕೋಹಾಲ್. ಈ ಮೂರನ್ನು ಸಮ ಪಾಲು ಸೇರಿಸಿದರೆ ಬಿಜೂ ಅಂತ ಕಾಕ್‌ಟೇಲ್ ಆಗ್ತದೆ. ಫ್ರೆಂಚಿನಲ್ಲಿ ಬಿಜೂ ಅಂದರೆ ಒಡವೆ. ಹ್ಯಾರಿ ಜಾನ್ಸನ್ ಎಂಬವನು 1900ರಲ್ಲಿ ಅಚ್ಚು ಹಾಕಿಸಿದ ಬಾರ್ ಕೈಪಿಡಿಯಲ್ಲೇ ಇದು ಉಂಟು.

ದೊಡ್ಡ ಸ್ಟೀಲ್ ಲೋಟಕ್ಕೆ ಐಸ್ ತುಂಬಿಸಿ, ಮೂರನ್ನೂ 30 ಎಂ.ಎಲ್. ಅಳೆದು ಹಾಕಿದ. ಉದ್ದ ಹಿಡಿಯ ಚಮಚದಲ್ಲಿ ಲೋಟದ ಅಂಚಿಗೆ ತಾಗಿಸಿಕೊಂಡು ಸದ್ದಿಲ್ಲದೆ ತಿರುಗಿಸಲಿಕ್ಕೆ ಶುರು ಮಾಡಿದ. ಸಿನಿಮಾದಲ್ಲಿ ಡಬ್ಬಿ ಕುಲುಕ್ತಾರಲ್ಲ, ಹಾಗೆ ಯಾಕೆ ಮಾಡುವುದಿಲ್ಲ ಕೇಳಿದೆ. "ಹಣ್ಣಿನ ರಸ, ಹಾಲು, ಮೊಟ್ಟೆ ಇದ್ದರೆ ಕುಲುಕ್ಬೇಕು ಮಾಮ, ಇಲ್ಲದಿದ್ದರೆ ಸೇರುವುದಿಲ್ಲ. ಇದು ಎಲ್ಲ ತಿಳಿ. ಕುಲುಕಿದರೆ ಗಾಳಿ ಸೇರಿ ಮಬ್ಬಾಗ್ತದೆ. ತಿರುಗಿಸಿದರೆ ತಣ್ಣಗಾಗ್ತದೆ, ತಿಳಿಯಾಗಿಯೇ ಉಳಿತದೆ." ಅರ್ಧ ನಿಮಿಷ ಹಾಗೆ ತಿರುಗಿಸಿದ. ಐಸ್ ಕರಗಿ ಅದರೊಳಗೆ ನೀರು ಸೇರ್ತದೆ. ಕೊನೆಗೆ ಗ್ಲಾಸಿಗೆ ಬರುವುದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಆ ನೀರೇ. ಅದೇ ಲೆಕ್ಕ ತಪ್ಪಿದರೆ ಎಲ್ಲ ತಪ್ಪಿತು ಅಂದ. ನೀರು ಕಡಿಮೆಯಾದರೆ ಗಂಟಲು ಸುಡ್ತದೆ, ಹೆಚ್ಚಾದರೆ ಸಪ್ಪೆ. ಸೋಸಿ ಬೇರೆ ಗ್ಲಾಸಿಗೆ ಹಾಕಿ, ಹಿತ್ತಲಿನ ಕಂಚಿಹುಳಿಯ ಸಿಪ್ಪೆ ಒಂದು ಚೂರು ಮೇಲೆ ಹಿಂಡಿದ.

ನಾನು ಕುಡಿಯಲಿಲ್ಲ. ಮೂಸಿ ನೋಡಿದೆ. ಮಾರಾಯ್ರೆ, ನನಗೆ ನೆನಪಾದದ್ದು ಆಟಿ ಅಮಾವಾಸ್ಯೆ!

ಹೊರಗಿನವರಿಗೆ ಒಂದು ಮಾತು: ಆಟಿ ಅಮಾವಾಸ್ಯೆ ದಿವಸ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ತೆಗೆದು, ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಆ ರಸಕ್ಕೆ ಹಾಕಿ ಕುಡಿಯುವುದು ತುಳುನಾಡಿನ ಕ್ರಮ. ಪಾಲೆದ ಕಷಾಯ. ಕಹಿ ಅಂದರೆ ಕಹಿ. ಆಮೇಲೆ ಮೆಂತೆ ಗಂಜಿ ಉಣ್ಣುವುದು. ಅಲ್ಲಿ ಕಾದ ಕಲ್ಲು, ಇಲ್ಲಿ ಐಸ್. ಇಲ್ಲಿ ಆಲ್ಕೋಹಾಲ್, ಅಲ್ಲಿ ನೀರು. ಆದರೆ ಗಿಡದ ಕಹಿ, ಖಾರ, ಪರಿಮಳವನ್ನು ಒಂದು ದ್ರವಕ್ಕೆ ಇಳಿಸುವ ಬುದ್ಧಿ ಒಂದೇ. ಇದು ನಮಗೆ ಹೊಸತಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡ್ತೇನೆ. ಈಗ ಮೊಬೈಲಲ್ಲಿ ನೋಡಿ ಸಿಕ್ಕಿದ ಬೇರು, ತೊಗಟೆಯನ್ನೆಲ್ಲ ಬಾಟಲಿಗೆ ತುಂಬಿಸುವ ಹುಚ್ಚು ಹುಡುಗರಲ್ಲಿ ಬಂದಿದೆ. ಕತ್ತಲಲ್ಲಿ ಹಾಲೆ ಅಂತ ಕಾಸರಕನ ತೊಗಟೆ ತಂದರೆ ಕಥೆ ಮುಗಿಯಿತು. ಕಾಸರಕದಲ್ಲಿ ಇರುವುದು ಸ್ಟ್ರಿಕ್ನಿನ್ ವಿಷ. ಅದಕ್ಕೇ ಹಿರಿಯರು ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿ, ಬುಡಕ್ಕೆ ದಾರವೋ ಬಳ್ಳಿಯೋ ಕಟ್ಟಿ ಬರ್ತಿದ್ದರು. ಗಿಡ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ. ಆಲ್ಕೋಹಾಲ್ ಗಿಡದ ಪರಿಮಳದ ಹಾಗೆ ವಿಷವನ್ನೂ ಎಳೆದು ತೆಗೀತದೆ.

ಈಗ ವಿಷಯಕ್ಕೆ ಬರ್ತೇನೆ. ಅಳಿಯ ಆ ಜಿನ್ ಬಾಟಲಿ ತಿರುಗಿಸಿ ತೋರಿಸಿದ. ಕಾಳುಮೆಣಸು, ಕೊತ್ತಂಬರಿ, ಜಾಯಿಕಾಯಿ, ಜಾಪತ್ರೆ, ನಿಂಬೆ ಸಿಪ್ಪೆ. "ನೋಡಿ ಮಾಮ, ಇದರಲ್ಲಿ ಅರ್ಧ ನಿಮ್ಮ ಹಿತ್ತಲಲ್ಲೇ ಉಂಟು." ನಿಜ. ಜಿನ್ ಅಂದರೆ ಬೇರೆ ಎಂತದ್ದೂ ಅಲ್ಲ. ವಾಸನೆ ಇಲ್ಲದ ಶುದ್ಧ ಮದ್ಯಸಾರಕ್ಕೆ ಜುನಿಪರ್ ಕಾಯಿ ಮತ್ತು ಇಂಥ ಸಂಬಾರ ಹಾಕಿ ಮತ್ತೊಮ್ಮೆ ಭಟ್ಟಿ ಇಳಿಸುವುದು. ಜುನಿಪರ್ ನಮ್ಮಲ್ಲಿ ಆಗುವುದಿಲ್ಲ, ಹಿಮಾಲಯದಲ್ಲಿ ಆಗ್ತದೆ. ಆಯುರ್ವೇದದಲ್ಲಿ ಹಪುಷಾ ಅಂತ ಹೆಸರು. ಆ ಹೆಸರಿನಲ್ಲೇ 2018ರಲ್ಲಿ ಒಂದು ಭಾರತೀಯ ಜಿನ್ ಬಂದಿದೆ.

ಅವನ ಯೋಜನೆ ಹೀಗೆ: ಗೋವಾದಲ್ಲಿ ಈಗ ಇಂಥ ಜಿನ್ ಮಾಡುವವರು ಬೇಕಾದಷ್ಟು ಇದ್ದಾರೆ. ಅವರಿಗೆ ನೇರವಾಗಿ ಮಾಲು ಕೊಡುವ. ಬಾವಿ ಪಕ್ಕದ 20 ಸೆಂಟ್ಸಿನಲ್ಲಿರುವ ಮಲ್ಲಿಗೆ ತೆಗೆದು ಲಾವಂಚ, ಮಜ್ಜಿಗೆ ಹುಲ್ಲು, ಒಳ್ಳೆ ಜಾತಿಯ ನಿಂಬೆ ಹಾಕುವ. ನಮ್ಮ ಮರಳು ಮಣ್ಣಿಗೆ ಲಾವಂಚ ಹೇಳಿ ಮಾಡಿಸಿದ ಬೆಳೆ. ಒಂದೂವರೆ ವರ್ಷಕ್ಕೆ ಬೇರು ಕೀಳಬಹುದು. "ಉಚ್ಚಿಲದ ಲಾವಂಚ ಅಂತ ಬಾಟಲಿ ಮೇಲೆ ಬರ್ತದೆ ಮಾಮ."

ಕೇಳಲಿಕ್ಕೆ ಚಂದ. ನಾನೂ ಎರಡು ರಾತ್ರಿ ಆಲೋಚನೆ ಮಾಡಿದೆ. ಮತ್ತೆ ಪೆನ್ನು ಹಿಡಿದು ಕೂತೆ.

ಜಿನ್‌ಗೆ ಹಾಕುವ ಸಂಬಾರದ ಲೆಕ್ಕ ಗ್ರಾಮಿನಲ್ಲಿ. ಜುನಿಪರ್ ಬಿಟ್ಟರೆ ಉಳಿದದ್ದು ಸ್ವಲ್ಪ ಸ್ವಲ್ಪ. ಲೀಟರಿಗೆ 1 ಗ್ರಾಂ ಕಾಳುಮೆಣಸು ಅಂತ ಹಿಡಿಯಿರಿ. 750 ಎಂ.ಎಲ್. ಬಾಟಲಿಗೆ ಮುಕ್ಕಾಲು ಗ್ರಾಂ. ಮೆಣಸು ಕೆಜಿಗೆ 650 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಬಾಟಲಿಯಲ್ಲಿ ಇರುವ ನನ್ನ ಮೆಣಸಿನ ಬೆಲೆ 50 ಪೈಸೆ! ನಾಲ್ಕಂಕಿಯ ದರ ಇರುವ ಬಾಟಲಿಯಲ್ಲಿ ಬೆಳೆಗಾರನ ಪಾಲು ಅರ್ಧ ರೂಪಾಯಿ. ಅವರು ನನಗೆ ಎರಡು ಪಟ್ಟು ರೇಟು ಕೊಟ್ಟರೂ 1 ರೂಪಾಯಿ. ಲಾವಂಚವೂ ಹಾಗೇ. 10,000 ಲೀಟರ್ ಜಿನ್, ಅಂದರೆ 13,000 ಬಾಟಲಿ ಮಾಡಿದರೂ ಲೀಟರಿಗೆ 1 ಗ್ರಾಮಿನ ಹಾಗೆ ಬೇಕಾದದ್ದು 10 ಕೆಜಿ ಬೇರು. ಅದಕ್ಕೆ ಕೆಲವು ಸೆಂಟ್ಸ್ ಜಾಗ ಸಾಕು. ಊರಿನ ಹತ್ತು ಮಂದಿ ಲಾವಂಚ ಹಾಕಿದರೆ ಗೋವಾದವರು ಅದನ್ನು ಎಂತ ಮಾಡ್ಲಿಕ್ಕುಂಟು?

ಅದೇ 20 ಸೆಂಟ್ಸಿನ ಮಲ್ಲಿಗೆ ನನ್ನ ಹೆಂಡತಿಯ ಲೆಕ್ಕ. ಬೆಳಿಗ್ಗೆ ಕೊಯ್ದು, ಕಟ್ಟಿ, ಕಟ್ಟೆಗೆ ಕೊಟ್ಟರೆ ಶಂಕರಪುರದ ಆ ದಿವಸದ ಅಟ್ಟೆ ದರದ ಮೇಲೆ ದುಡ್ಡು. ಮಳೆಗಾಲದಲ್ಲಿ ಕಡಿಮೆ, ಮದುವೆ ಸೀಸನ್ನಿನಲ್ಲಿ ಹೆಚ್ಚು, ಆದರೆ ಕೈಗೆ ಬರ್ತಾ ಇರ್ತದೆ. ಮಕ್ಕಳ ಫೀಸು ಅದರಲ್ಲೇ ಹೋದದ್ದು. ಅದನ್ನು ಕಿತ್ತು, ಒಂದೂವರೆ ವರ್ಷ ಕಾದು, ಬಾಟಲಿಯ ಲೇಬಲ್ಲಿನಲ್ಲಿ ಊರಿನ ಹೆಸರು ನೋಡಿ ಖುಷಿಪಡುವಷ್ಟು ಶ್ರೀಮಂತ ನಾನಲ್ಲ.

ಹಾಗಾಗಿ ನನ್ನ ಮೊದಲ ಅಭಿಪ್ರಾಯ ಇದು: ಗಿಡಮೂಲಿಕೆ ಮದ್ಯಕ್ಕೆ ಈಗ ಬೇಡಿಕೆ ಉಂಟು ಅಂತ ಯಾರಾದರೂ ನಿಮ್ಮ ಹತ್ತಿರ ಬೆಳೆ ಬದಲಾಯಿಸಿ ಅಂದರೆ, ಬಾಟಲಿಗೆ ಎಷ್ಟು ಗ್ರಾಂ ಬೇಕು ಅಂತ ಮೊದಲು ಕೇಳಿ. ಒಗ್ಗರಣೆಗೆ ಬೇಕಾಗುವ ಸಾಸಿವೆ ಬೆಳೆದು ಯಾರೂ ಮನೆ ಕಟ್ಟಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ವಿಷಯ. ಜಿನ್‌ನಲ್ಲಿ ಸಂಬಾರ ಒಗ್ಗರಣೆ. ಹಾಗಾದರೆ ಅನ್ನ ಯಾವುದು? ಆ ಮದ್ಯಸಾರ. ಅದು ನಮ್ಮ ದೇಶದಲ್ಲಿ ಧಾನ್ಯದಿಂದಲೋ ಕಬ್ಬಿನ ಕಾಕಂಬಿಯಿಂದಲೋ ದೊಡ್ಡ ಕಾರ್ಖಾನೆಯಲ್ಲಿ ಆಗಿ ಟ್ಯಾಂಕರಿನಲ್ಲಿ ಬರುವ ಮಾಲು. ಬೆಳೆ ಟನ್ನುಗಟ್ಟಲೆ ಹೋಗುವುದು ಅಲ್ಲಿ. ಗೋವಾದವರ ಫೆನಿ ನೋಡಿ. ಅಲ್ಲಿ ಒಗ್ಗರಣೆಯೇ ಇಲ್ಲ, ಹಣ್ಣೇ ಎಲ್ಲ. ಗೇರುಹಣ್ಣು ತುಳಿದು, ರಸ ಹಿಂಡಿ, ಹುಳಿ ಬರಿಸಿ ಭಟ್ಟಿ ಇಳಿಸಿದರೆ ಮೊದಲು ಉರಾಕ್, ಅದನ್ನು ಮತ್ತೆ ಇಳಿಸಿದರೆ ಫೆನಿ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ, ನಮ್ಮ ಗುಡ್ಡೆಯಲ್ಲಿರುವ ಅದೇ ಮರ. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚಿ ಸಿಕ್ಕಿತು, ನಮ್ಮ ಮಟ್ಟುಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಸಿಕ್ಕಿದ ಹಾಗೆ. 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ಪೇಯ ಅಂತ ಘೋಷಿಸಿತು. ಕಾರವಾರ ದಾಟಿದರೆ ಪರಂಪರೆ, ಈಚೆ ಬಂದರೆ ಅದೇ ರಸ ಇಳಿಸಿದವನು ಅಬಕಾರಿ ಕೇಸಿನ ಆರೋಪಿ.

ನನಗೆ 25 ಗೇರು ಮರ ಉಂಟು. ಮರಕ್ಕೆ 8 ಕೆಜಿ ಬೀಜ ಅಂದರೆ 200 ಕೆಜಿ. ಹಣ್ಣಿನ ತೂಕ ಬೀಜದ 5ರಿಂದ 10 ಪಟ್ಟು. ಕಡಿಮೆಯೇ ಹಿಡಿದರೂ 1 ಟನ್ ಹಣ್ಣು ಪ್ರತಿ ವರ್ಷ ನನ್ನೊಬ್ಬನ ಗುಡ್ಡೆಯಲ್ಲೇ ಕೊಳೆಯುತ್ತದೆ. ಎಲ್ಲೂರು, ಬೆಳಪು, ಕಾರ್ಕಳದ ಕಡೆ ಗುಡ್ಡೆಗಳನ್ನೆಲ್ಲ ಸೇರಿಸಿ ಆಲೋಚನೆ ಮಾಡಿ.

ಇಲ್ಲೂ ಲೆಕ್ಕ ಪ್ರಾಮಾಣಿಕವಾಗಿ ಹಾಕ್ಬೇಕು. ಆ ಹಣ್ಣನ್ನು ಕೆಜಿಗೆ 5 ರೂಪಾಯಿಗೆ ಮಾರಿದರೆ ನನಗೆ 5,000 ಸಿಗ್ತದೆ. ದಿನಾ ಹೆಕ್ಕಿ, ಜಜ್ಜಿ ಹೋಗದ ಹಾಗೆ ಅದೇ ದಿವಸ ಸಾಗಿಸುವ ಕೂಲಿಗೆ ಸರಿಹೋಯಿತು. ಬರೇ ಹಣ್ಣು ಮಾರುವವನಾಗಿ ಉಳಿದರೆ ಮೆಣಸಿನ ಕಥೆಯೇ ಇಲ್ಲೂ. ಭಟ್ಟಿಯಲ್ಲಿ ಪಾಲು ಇದ್ದರೆ ಮಾತ್ರ ಪ್ರಯೋಜನ.

ಆ ಹಸಿರು ಬಾಟಲಿಯ ಸನ್ಯಾಸಿಗಳನ್ನೇ ನೋಡಿ. ಅವರ ಕೈಗೆ ಆ ಮೂಲಿಕೆಗಳ ಹಸ್ತಪ್ರತಿ ಬಂದದ್ದು 1605ರಲ್ಲಂತೆ. ಅವರು ಬೇರು, ಸೊಪ್ಪು ಕಟ್ಟು ಕಟ್ಟಿ ಮಾರಿದವರಲ್ಲ. ಯಾವ ಗಿಡ ಎಷ್ಟು ಎಂಬ ಲೆಕ್ಕವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಮದ್ಯವನ್ನೇ ಮಾರಿದವರು. ಇನ್ನೊಂದು ವಿಷಯ ಅಳಿಯ ಹೇಳಿದ್ದು ನನಗೆ ಬಹಳ ಹಿಡಿಸಿತು. ಈಚೆಗೆ ಲೋಕದಲ್ಲೆಲ್ಲ ಬೇಡಿಕೆ ಏರಿದಾಗ ಅವರು ತಯಾರಿ ಹೆಚ್ಚಿಸುವುದಿಲ್ಲ ಅಂತ ಹೇಳಿಬಿಟ್ಟರಂತೆ. ನಮ್ಮ ಪ್ರಾರ್ಥನೆಗೆ ಸಮಯ ಬೇಕು, ಪರಿಸರದ ಮೇಲೂ ಹೊರೆ ಬೀಳಬಾರದು, ಇಷ್ಟು ಸಾಕು ಅಂತ. ಸಾಕು ಅಂತ ಹೇಳುವ ಶಕ್ತಿ ಬಂದದ್ದು ಭಟ್ಟಿ ತಮ್ಮದೇ ಆದದ್ದರಿಂದ.

ಅಷ್ಟು ದೂರ ಯಾಕೆ, ಪುತ್ತೂರು ಸಾಕು. ಕೊಕ್ಕೊ ಹಾಕಿ ಅಂತ ಬೆಳೆಸಿ, ಆಮೇಲೆ ಕೊಳ್ಳುವವರು ಹಿಂದೆ ಸರಿದು ಕಾಯಿ ತೋಟದಲ್ಲೇ ಕೊಳೆಯುವ ಹಾಗಾದಾಗ ಕ್ಯಾಂಪ್ಕೋ ಕೊಕ್ಕೊ ಖರೀದಿಗೆ ಇಳಿಯಿತು. 1973ರಲ್ಲಿ ಅಡಿಕೆಗೋಸ್ಕರ ಹುಟ್ಟಿದ ಸಹಕಾರಿ ಅದು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿದರು. ರೈತರ ಚಾಕಲೇಟ್ ಕಾರ್ಖಾನೆ! ಆಗಲೂ ನಗಾಡಿದವರು ಇದ್ದರು. ಗೇರಿಗೂ ಅಂಥದ್ದು ಯಾಕಾಗಬಾರದು? ಗೇರು ಸಂಶೋಧನಾ ನಿರ್ದೇಶನಾಲಯ ಅದೇ ಪುತ್ತೂರಿನಲ್ಲಿ ಉಂಟು. ನಮ್ಮ ಎರಡು ಜಿಲ್ಲೆಗಳಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಉಂಟು. ಕಳ್ಳು ಇಳಿಸುವ, ಹುಳಿ ಬರುವುದನ್ನು ಅಳೆಯುವ ವಿದ್ಯೆ ಗೊತ್ತಿದ್ದವರ ಸಂಘ ಅದು. ಇವತ್ತು ಹಲವು ಕಡೆ ಸಾಲ, ಠೇವಣಿ ವ್ಯವಹಾರವೇ ಮುಖ್ಯವಾಗಿದೆ. ಕೇರಳ ಸರ್ಕಾರ 2022ರಲ್ಲಿ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಒಂದು ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನ ಫೆನಿ ಮಾಡ್ಲಿಕ್ಕೆ ಅನುಮತಿ ಕೊಟ್ಟಿತು. ನಮ್ಮಲ್ಲೂ ದ್ರಾಕ್ಷಿಗೆ ಇಂಥ ದಾರಿ ಮಾಡಿ ಕೊಟ್ಟಿದ್ದಾರೆ. 2007ರಲ್ಲೇ ದ್ರಾಕ್ಷಾರಸ ನೀತಿ ಅಂತ ಬಂತು. ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ. ದ್ರಾಕ್ಷಿ ಬೆಳೆದವನಿಗೆ ನೀತಿ, ಗೇರು ಬೆಳೆದವನಿಗೆ ಕೇಸು. ಎರಡೂ ಹಣ್ಣೇ ಅಲ್ವಾ?

ಇಷ್ಟು ನಾನು ಊಟಕ್ಕೆ ಕೂತಾಗ ಹೇಳ್ತಾ ಇದ್ದೆ. ಅತ್ತಿಗೆ ಬಡಿಸ್ತಾ ಇದ್ದರು. ಅವರು ಹೇಳಿದ್ದು ಒಂದೇ ಮಾತು: "ಹಣ್ಣು ಕೊಳೆಯಲಿ ಬಿಡಿ. ಮನುಷ್ಯ ಕೊಳೆಯುವುದಕ್ಕಿಂತ ಒಳ್ಳೇದು."

ನನ್ನ ಅಣ್ಣ 2011ರಲ್ಲಿ ತೀರಿಕೊಂಡರು. ಲಿವರ್. ನಲವತ್ತೆಂಟು ವರ್ಷ. ನಾನು ಯಾಕೆ ಕುಡಿಯುವುದಿಲ್ಲ ಅಂತ ಈಗ ಗೊತ್ತಾಯ್ತಲ್ಲ. ಅತ್ತಿಗೆ ಮಲ್ಲಿಗೆ ಕಟ್ಟಿ ಇಬ್ಬರು ಮಕ್ಕಳನ್ನು ದಡ ಸೇರಿಸಿದವರು. ಅವರ ಎದುರು ಫೆನಿ, ಪರಂಪರೆ, ಭೌಗೋಳಿಕ ಸೂಚಿ ಅಂತ ಮಾತಾಡಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಆದರೆ ಆಲೋಚನೆ ನಿಲ್ಲಲಿಲ್ಲ. ಅಣ್ಣ ಕುಡಿದದ್ದು ಗುಡ್ಡೆಯಲ್ಲಿ ಕದ್ದು ಇಳಿಸಿದ್ದಲ್ಲ. ಮೊದಲು ಪರವಾನಿಗೆ ಇದ್ದ ಅಂಗಡಿಯ ಕೊಟ್ಟೆ ಸಾರಾಯಿ. 2007ರಲ್ಲಿ ಅದು ನಿಂತಾಗ ನಾವೆಲ್ಲ ಬದುಕಿದೆವು ಅಂದುಕೊಂಡೆವು. ಒಂದು ವಾರ ಮನೆಯಲ್ಲಿದ್ದರು. ಮತ್ತೆ ಕ್ವಾರ್ಟರ್ ಬಾಟಲಿ ಶುರುವಾಯ್ತು, ಅದಕ್ಕೆ ದುಡ್ಡು ಇನ್ನೂ ಹೆಚ್ಚು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ತಮಿಳುನಾಡಿನ ಗಡಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕಿಂತ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಮೇಲೆ. ನಿಷೇಧ ಇದ್ದರೂ ಸಾಯ್ತಾರೆ, ಇಲ್ಲದಿದ್ದರೂ ಸಾಯ್ತಾರೆ. ಗೇರುಹಣ್ಣು ಕೊಳೆತದ್ದರಿಂದ ನನ್ನ ಅಣ್ಣ ಉಳಿಯಲಿಲ್ಲ. ಕುಡಿತದ ದುಡ್ಡು ಮಾತ್ರ ಊರು ಬಿಟ್ಟು ಹೋಯ್ತು.

ಹಾಗಂತ ಅತ್ತಿಗೆ ಹೇಳಿದ್ದು ತಪ್ಪು ಅಂತ ನಾನು ಬರೆಯುವುದಿಲ್ಲ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯ ಇಲ್ಲ ಎಂಬ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗಿಡಮೂಲಿಕೆ ಹಾಕಿದ ಕೂಡಲೇ ಅದು ಔಷಧ ಆಗುವುದಿಲ್ಲ. 130 ಗಿಡ ಇದ್ದರೂ ಅದರಲ್ಲಿ 55 ಪಾಲು ಆಲ್ಕೋಹಾಲೇ. ಚಂದದ ಗ್ಲಾಸಿನಲ್ಲಿ ಮೆಲ್ಲ ತಿರುಗಿಸಿ ಕೊಟ್ಟರೂ ಲಿವರಿಗೆ ಅದು ಗೊತ್ತಾಗುವುದಿಲ್ಲ.

ಆದ್ದರಿಂದ ನಾನು ಕೇಳುವುದು ಷರತ್ತಿನ ಮೇಲೆ. ಗೇರುಹಣ್ಣಿನ ಭಟ್ಟಿಗೆ ಪರವಾನಿಗೆ ಕೊಡುವುದಾದರೆ ಬೆಳೆಗಾರರ ಸಹಕಾರಿಗೆ ಮಾತ್ರ ಕೊಡಿ, ಸೀಸನ್ನಿನ ಮೂರು ತಿಂಗಳಿಗೆ ಮಾತ್ರ ಕೊಡಿ. ಪ್ರತಿ ತಂಡದ ಮಾಲು ಲ್ಯಾಬಿಗೆ ಹೋಗಿ ಮೆಥನಾಲ್ ಪರೀಕ್ಷೆ ಆಗದೆ ಹೊರಗೆ ಬರಬಾರದು. ಊರೊಳಗೆ ಗ್ಲಾಸಿನಲ್ಲಿ, ಕೊಟ್ಟೆಯಲ್ಲಿ ಮಾರಾಟ ಬೇಡವೇ ಬೇಡ. ಪೂರ್ತಿ ಬಾಟಲಿ, ಪೂರ್ತಿ ತೆರಿಗೆ, ನಮ್ಮ ಅಳಿಯನಂಥವರು ಬಡಿಸುವ ಜಾಗಕ್ಕೆ ಹೋಗಲಿ. ಹಾಲಿನ ಡೈರಿಯ ಹಾಗೆ ಹಣ್ಣು ಕೊಟ್ಟವನಿಗೆ ಮೊದಲು ದರ, ವರ್ಷದ ಕೊನೆಗೆ ಲಾಭದಲ್ಲಿ ಬೋನಸ್. ಲಾಭದ ಒಂದು ಪಾಲು ಮದ್ಯವರ್ಜನ ಶಿಬಿರಕ್ಕೆ. ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸುವ ಮಂಡಳಿಯಲ್ಲಿ ಅರ್ಧ ಹೆಂಗಸರು ಇರಲಿ. ಸಾಕು ಅಂತ ಹೇಳಲಿಕ್ಕೆ ಅವರಿಗಿಂತ ಒಳ್ಳೆಯವರು ಸಿಕ್ಕಲಿಕ್ಕಿಲ್ಲ.

ಇದೆಲ್ಲ ಆಗುವ ಮಾತಾ ಅಂತ ನೀವು ಕೇಳಬಹುದು. ಗೊತ್ತಿಲ್ಲ. ಆದರೆ ಗೋವಾದ ಬಾಟಲಿಗೆ ಅರ್ಧ ರೂಪಾಯಿಯ ಮೆಣಸು ಕೊಟ್ಟು ಹೆಮ್ಮೆಪಡುವುದಕ್ಕಿಂತ ಇದು ಜಗಳವಾಡಲಿಕ್ಕೆ ಯೋಗ್ಯವಾದ ವಿಷಯ.

ಅಳಿಯನಿಗೆ ಹೇಳಿದೆ, ಮಲ್ಲಿಗೆ ತೆಗೆಯುವುದಿಲ್ಲ ಮಾರಾಯ ಅಂತ. ಅವನಿಗೆ ಸ್ವಲ್ಪ ಬೇಸರ ಆಯ್ತು. ಗದ್ದೆಯ ಬದುವಿನಲ್ಲಿ ಎರಡು ಸಾಲು ಲಾವಂಚ ಹಾಕ್ತೇನೆ ಅಂದೆ. ಜಿನ್‌ಗಲ್ಲ, ಮಳೆಗಾಲದಲ್ಲಿ ಮಣ್ಣು ಹಿಡಿದು ನಿಲ್ಲಿಸಲಿಕ್ಕೆ. ಬೇರು ಬಂದರೆ ಕುಡಿಯುವ ನೀರಿನ ಹೂಜಿಗೆ ಹಾಕುವ.

ಸೆಪ್ಟೆಂಬರಿನಲ್ಲಿ ನಮ್ಮ ಸಹಕಾರಿ ಸಂಘದ ಮಹಾಸಭೆ. ಗೇರುಹಣ್ಣಿನ ವಿಷಯವನ್ನು ಅಲ್ಲಿ ಎತ್ತಬೇಕು ಅಂತ ಚೀಟಿ ಬರೆದು ಇಟ್ಟಿದ್ದೇನೆ. ಅತ್ತಿಗೆಯೂ ಅದೇ ಸಂಘದ ಸದಸ್ಯೆ. ನೀವು ಎತ್ತಿದರೆ ನಾನು ಎದ್ದು ನಿಂತು ವಿರೋಧ ಮಾಡ್ತೇನೆ ಅಂತ ಈಗಲೇ ಹೇಳಿದ್ದಾರೆ. ಮಾಡಲಿ. ಅವರು ಮಾತಾಡದೆ ಈ ವಿಷಯ ಪಾಸಾಗುವುದು ನನಗೂ ಬೇಡ.